ಡಿಕ್ಕಿಯ ನಂತರ ಪಕ್ ಯಾರ ಬಳಿ ಇದೆ?

ಓದುಗರ ಪ್ರಶ್ನೆ: ಕೆನಡಾದ ಒಂಟಾರಿಯೊದಿಂದ ಬರೆಯುತ್ತಿದ್ದೇನೆ. ಎರಡು ವರ್ಷಗಳಿಂದ ಸ್ವತಂತ್ರ ಸ್ಕೌಟಿಂಗ್ (ಪ್ರತಿಭೆಗಳನ್ನು ಗುರುತಿಸುವ) ಸಂಸ್ಥೆಯೊಂದಕ್ಕಾಗಿ ಜೂನಿಯರ್ ಐಸ್ ಹಾಕಿ ಪಂದ್ಯಗಳನ್ನು ನೋಡಿ ವರದಿ ಬರೆದುಕೊಡುತ್ತೇನೆ; ಅರೆಕಾಲಿಕ ಕೆಲಸ. ಎನ್‌ಎಚ್‌ಎಲ್ ಎಂಬ ಅಗ್ರ ವೃತ್ತಿಪರ ಲೀಗ್‌ನ ತಂಡಗಳು ಯುವ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಮುಂಬರುವ ಡ್ರಾಫ್ಟ್‌ಗಾಗಿ ಒಂಟಾರಿಯೊ ಹಾಕಿ ಲೀಗ್‌ನ ಇಬ್ಬರು ವಿಂಗರ್‌ಗಳಲ್ಲಿ (ಬದಿಯಿಂದ ದಾಳಿ ಮಾಡುವವರಲ್ಲಿ) ಯಾರನ್ನು ಮೇಲಿಡಬೇಕೆಂದು ತಿಂಗಳೊಳಗೆ ಹೇಳಬೇಕಿದೆ. ಇಬ್ಬರಿಗೂ ಪವರ್ ಫಾರ್ವರ್ಡ್ (ದೇಹಬಲದಿಂದ ಆಡುವ ದಾಳಿಗಾರ) ಎಂಬ ಹೆಸರು ಬಿದ್ದಿದೆ. ಮೊದಲನೆಯವನು 6 ಅಡಿ 4 ಅಂಗುಲ, 98 ಕಿಲೋ. ಅಕ್ಟೋಬರ್‌ನಲ್ಲಿ ಹುಟ್ಟಿದವನು, ಆಗಲೇ 18 ತುಂಬಿದೆ. ಲೀಗ್‌ನ ಅತ್ಯುತ್ತಮ ಸೆಂಟರ್‌ಗಳಲ್ಲಿ (ನಡುವಿನ ದಾಳಿಗಾರರಲ್ಲಿ) ಒಬ್ಬನ ಪಕ್ಕದಲ್ಲಿ ಆಡಿ 33 ಗೋಲು ಹೊಡೆದಿದ್ದಾನೆ. ಅವನು ಡಿಕ್ಕಿ ಹೊಡೆದರೆ ರಿಂಕ್‌ನ ಗಾಜು ಅಲುಗಾಡುತ್ತದೆ, ಜನ ಎದ್ದು ನಿಲ್ಲುತ್ತಾರೆ. ಎರಡನೆಯವನು 6 ಅಡಿ 1 ಅಂಗುಲ, 84 ಕಿಲೋ, ಆಗಸ್ಟ್‌ನಲ್ಲಿ ಹುಟ್ಟಿದವನು. ಸೋಲುತ್ತಲೇ ಇರುವ ತಂಡದಲ್ಲಿ 19 ಗೋಲು. ಇಬ್ಬರು ಸೇರಿ ಮೂಲೆಯಲ್ಲಿ ಒತ್ತಿ ಹಿಡಿದರೂ ಪಕ್ (ಆಟದ ರಬ್ಬರ್ ಬಿಲ್ಲೆ) ಹೇಗೋ ಅವನ ಜೊತೆಗಾರನಿಗೆ ತಲುಪಿರುತ್ತದೆ. 'ಗಾತ್ರವನ್ನು ಯಾರೂ ಕಲಿಸಲಾರರು, ಉಳಿದದ್ದನ್ನು ಕಲಿಸಬಹುದು. ಪವರ್ ಫಾರ್ವರ್ಡ್‌ಗಳು ತಡವಾಗಿಯೇ ಮಾಗುತ್ತಾರೆ, ಕಾಯಬೇಕು' ಎನ್ನುತ್ತಾರೆ ನನ್ನ ಮೇಲಿನವರು. ನನಗೆ ಒಪ್ಪಲೂ ಆಗುತ್ತಿಲ್ಲ, ಅಲ್ಲಗಳೆಯಲೂ ಆಗುತ್ತಿಲ್ಲ. ತಪ್ಪಾಗಿ ಬರೆದರೆ ಒಬ್ಬ ಹುಡುಗನಿಗೆ ಅನ್ಯಾಯವಾಗುತ್ತದೆಂಬ ಭಯ.

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಓದಿನಲ್ಲಿ ಪ್ರಶ್ನೆ ಕಂಡಿತು. ಎರಡನೆಯ ಓದಿನಲ್ಲಿ, ಉತ್ತರದ ಅರ್ಧ ಭಾಗ ನಿಮ್ಮ ಮಾತಿನಲ್ಲೇ ಇರುವುದು ಕಂಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಚಿಂತೆ ಹೊರನೋಟಕ್ಕೆ ಇಬ್ಬರು ಹುಡುಗರದ್ದು. ಒಳಗಿರುವ ಪ್ರಶ್ನೆ ಬೇರೆ: ಹದಿನೇಳು, ಹದಿನೆಂಟರ ವಯಸ್ಸಿನಲ್ಲಿ ಕಾಣುವ ದೇಹಬಲವನ್ನು ಎಷ್ಟರ ಮಟ್ಟಿಗೆ ನಂಬಬೇಕು? 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಆದರೆ ಪವರ್ ಫಾರ್ವರ್ಡ್ ಎಂಬ ಬೆಳೆಯಲ್ಲಿ ಮೊಳಕೆ ಎಷ್ಟು ದಪ್ಪಗಿದೆ ಎಂಬುದರಿಂದ ಫಸಲು ತಿಳಿಯುವುದಿಲ್ಲ. ಬೇರು ಎತ್ತ ಇಳಿದಿದೆ ಎಂದು ನೋಡಬೇಕಾಗುತ್ತದೆ.

ಈ ಹೆಸರಿನ ಅರ್ಥವನ್ನೇ ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ದೊಡ್ಡ ಮೈಕಟ್ಟು ಇರುವ ಪ್ರತಿ ಫಾರ್ವರ್ಡ್‌ನನ್ನೂ ಪವರ್ ಫಾರ್ವರ್ಡ್ ಎನ್ನುವ ರೂಢಿ ಬಂದುಬಿಟ್ಟಿದೆ. ಈ ಮಾತು ಕೇಳಿದೊಡನೆ ಹಳಬರಿಗೆ ನೆನಪಾಗುವವರು ಕ್ಯಾಮ್ ನೀಲಿ. 1983ರ ಡ್ರಾಫ್ಟ್‌ನಲ್ಲಿ ವ್ಯಾಂಕೂವರ್ ತಂಡ ಅವರನ್ನು 9ನೇ ಆಯ್ಕೆಯಾಗಿ ತೆಗೆದುಕೊಂಡಿತು. ಮೂರನೇ ಋತುವಿನಲ್ಲಿ ಅವರು ಹೊಡೆದದ್ದು 14 ಗೋಲು. 1986ರ ಜೂನ್ 6ರಂದು, ಅವರ 21ನೇ ಹುಟ್ಟುಹಬ್ಬದ ದಿನವೇ, ವ್ಯಾಂಕೂವರ್ ಅವರನ್ನು ಬೋಸ್ಟನ್‌ಗೆ ಬಿಟ್ಟುಕೊಟ್ಟಿತು. ಜೊತೆಗೆ ಮರುವರ್ಷದ ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೂ ಕೊಟ್ಟಿತು. ಬೋಸ್ಟನ್‌ನಲ್ಲಿ ಮೊದಲ ವರ್ಷವೇ 36 ಗೋಲು ಬಂದವು. ಗಾಯಗಳಿಂದ ಜರ್ಜರಿತರಾಗಿದ್ದ 1993-94ರಲ್ಲಿ ತಾವು ಆಡಿದ 44ನೇ ಪಂದ್ಯದಲ್ಲೇ 50ನೇ ಗೋಲು ಹೊಡೆದರು. ನೀಲಿ ಎದುರಾಳಿಯನ್ನು ಗೋಡೆಗೆ ಒತ್ತುತ್ತಿದ್ದುದು ನಿಜ, ಆದರೆ ಒತ್ತಿ ಅಲ್ಲೇ ನಿಲ್ಲುತ್ತಿರಲಿಲ್ಲ. ಪಕ್ ಕಸಿದು, ನೇರ ಗೋಲು ಬಲೆಯ ಮುಂದೆ ಹೋಗಿ, ಅಲ್ಲಿಂದ ಕ್ಷಣಾರ್ಧದಲ್ಲಿ ಹೊಡೆಯುತ್ತಿದ್ದರು. ಬಲವೆಂಬುದು ಅವರ ಕೈಯಲ್ಲಿ ಪಕ್ಕನ್ನು ಗೋಲಿನತ್ತ ಸಾಗಿಸುವ ಉಪಕರಣವಾಗಿತ್ತು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಮುಂದಿನದನ್ನು ಓದಿ.

ನಿಮ್ಮ ಮೇಲಿನವರ ಮೊದಲ ಮಾತು, 'ಗಾತ್ರವನ್ನು ಕಲಿಸಲಾಗದು'. ಇದು ಸುಳ್ಳಲ್ಲ. ಸಮಸ್ಯೆ ಇರುವುದು ಆ ವಾಕ್ಯದ ಎರಡನೆಯ ಭಾಗದಲ್ಲಿ, ಉಳಿದದ್ದನ್ನೆಲ್ಲ ಕಲಿಸಬಹುದು ಎಂಬಲ್ಲಿ. ಸ್ಕೇಟಿಂಗ್‌ನ ಮೊದಲ ಮೂರು ಹೆಜ್ಜೆಗಳ ಚುರುಕನ್ನು ಒಂದಿಷ್ಟು ತಿದ್ದಬಹುದು. ಆದರೆ ಒತ್ತಡದ ನಡುವೆ ಜೊತೆಗಾರ ಎಲ್ಲಿದ್ದಾನೆಂದು ಕಾಣುವ ಕಣ್ಣು, ಬಿರುಸಾಗಿ ಬಂದ ಪಾಸನ್ನು ಮೆತ್ತಗೆ ಹಿಡಿಯುವ ಕೈ, ಇವು 18 ದಾಟಿದ ಮೇಲೆ ಹೊಸದಾಗಿ ಮೂಡುವುದನ್ನು ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಬಹಳ ಅಪರೂಪಕ್ಕೆ ಕಂಡಿದ್ದೇನೆ. 2003ರ ಡ್ರಾಫ್ಟ್ ನೋಡಿ. 12ನೇ ಆಯ್ಕೆಯಾಗಿ ಹೋದದ್ದು 6 ಅಡಿ 6 ಅಂಗುಲದ ಹ್ಯೂ ಜೆಸಿಮನ್. ಎನ್‌ಎಚ್‌ಎಲ್‌ನಲ್ಲಿ ಅವರಿಗೆ ದಕ್ಕಿದ್ದು ಎರಡೇ ಪಂದ್ಯ. ಮರು ಆಯ್ಕೆಯಾಗಿ ಹೋದ ಡಸ್ಟಿನ್ ಬ್ರೌನ್ ಅವರಿಗಿಂತ ಅರ್ಧ ಅಡಿ ಕುಳ್ಳು. ಬ್ರೌನ್ ಮುಂದೆ ಲಾಸ್ ಏಂಜಲೀಸ್ ತಂಡದ ನಾಯಕನಾಗಿ 2012 ಮತ್ತು 2014ರಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರ ಸ್ಟಾನ್ಲಿ ಕಪ್ ಎತ್ತಿದರು. ಅದೇ ಸುತ್ತಿನಲ್ಲಿ ರಯಾನ್ ಗೆಟ್ಸ್‌ಲಾಫ್ 19ನೇ ಸ್ಥಾನದವರೆಗೆ, ಕೋರಿ ಪೆರಿ 28ರವರೆಗೆ ಕಾದರು. ಜೆಸಿಮನ್ ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಒಬ್ಬ ಹುಡುಗನ ಎತ್ತರ ನೋಡಿ ಅವನ ಮೇಲೆ ನಿರೀಕ್ಷೆಯ ಭಾರ ಹೊರಿಸಿದವರು ನಮ್ಮಂಥವರು, ಹೊತ್ತು ನಡೆಯಬೇಕಾದವನು ಆ ಹುಡುಗ.

ಇನ್ನು ವಯಸ್ಸು. ಸೆಪ್ಟೆಂಬರ್ 15ರೊಳಗೆ 18 ತುಂಬುವವರು ಆ ವರ್ಷದ ಡ್ರಾಫ್ಟ್‌ಗೆ ಅರ್ಹರು, ಆ ಗಡುವಿನ ಮರುದಿನ ಹುಟ್ಟಿದವರೂ ಮುಂದಿನ ವರ್ಷಕ್ಕೆ. ಹೀಗಾಗಿ ನಿಮ್ಮ ಅಕ್ಟೋಬರ್ ಹುಡುಗನಿಗೂ ಆಗಸ್ಟ್ ಹುಡುಗನಿಗೂ ಹತ್ತು ತಿಂಗಳ ಅಂತರವಿದ್ದರೂ ಅವರು ಒಂದೇ ಪಟ್ಟಿಯಲ್ಲಿದ್ದಾರೆ. ಮೂವತ್ತರ ವಯಸ್ಸಿನಲ್ಲಿ ಹತ್ತು ತಿಂಗಳು ಲೆಕ್ಕಕ್ಕಿಲ್ಲ. ಹದಿನೇಳರಲ್ಲಿ ಅದು ಒಂದು ಇಡೀ ಬೇಸಿಗೆಯ ವ್ಯಾಯಾಮ, ಒಂದು ಇಡೀ ಋತುವಿನ ಅನುಭವ, ಕೆಲವರಿಗೆ ನಾಲ್ಕೈದು ಕಿಲೋ ಸ್ನಾಯು. ಗೋಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಮುನ್ನ ಇದನ್ನು ಮನಸ್ಸಿನಲ್ಲಿ ಕಳೆಯಲೇಬೇಕು.

ಆದರೆ ವಯಸ್ಸೊಂದೇ ತೀರ್ಪು ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. 2015ರ ಡ್ರಾಫ್ಟ್‌ನಲ್ಲಿ 9, 10 ಮತ್ತು 11ನೇ ಆಯ್ಕೆಗಳು ಸಾಲಾಗಿ ಮೂವರು ದೊಡ್ಡ ವಿಂಗರ್‌ಗಳದ್ದು: ಟೀಮೊ ಮೈಯರ್, ಮಿಕ್ಕೊ ರಂಟಾನೆನ್, ಲಾಸನ್ ಕ್ರೌಸ್. ಕ್ರೌಸ್ ಮೊದಲ ಐದರಲ್ಲೇ ಹೋಗಬಹುದೆಂದು ಅನೇಕರು ಹೇಳುತ್ತಿದ್ದರು. ವಯಸ್ಸಿನ ಲೆಕ್ಕವೂ ಅವರ ಪರವಾಗಿತ್ತು. ಅವರು 1997ರ ಜೂನ್‌ನಲ್ಲಿ ಹುಟ್ಟಿದವರು, ಉಳಿದಿಬ್ಬರೂ 1996ರ ಅಕ್ಟೋಬರ್‌ನವರು. ಡ್ರಾಫ್ಟ್‌ನ ಆ ಋತುವಿನಲ್ಲಿ ಕ್ರೌಸ್ ಕಿಂಗ್‌ಸ್ಟನ್ ಜೂನಿಯರ್ ತಂಡದ ಪರ 56 ಪಂದ್ಯಗಳಲ್ಲಿ 29 ಗೋಲು, 22 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಗಳಿಸಿದ್ದರು. ಮೈಯರ್ ಹ್ಯಾಲಿಫ್ಯಾಕ್ಸ್ ಜೂನಿಯರ್ ತಂಡದ ಪರ 61 ಪಂದ್ಯಗಳಲ್ಲಿ 90 ಅಂಕ (ಗೋಲು, ಅಸಿಸ್ಟ್ ಎರಡೂ ಸೇರಿ). ರಂಟಾನೆನ್ ಅವರ ಅಂಕಿ ಎಲ್ಲಕ್ಕಿಂತ ಬಡವಾಗಿ ಕಾಣುತ್ತದೆ, 56 ಪಂದ್ಯಗಳಲ್ಲಿ 28 ಅಂಕ. ಆದರೆ ಅದು ಫಿನ್ಲೆಂಡ್‌ನಲ್ಲಿ ವಯಸ್ಕ ವೃತ್ತಿಪರರ ವಿರುದ್ಧ ಆಡಿ ಗಳಿಸಿದ್ದು. 2022-23ರ ಹೊತ್ತಿಗೆ ರಂಟಾನೆನ್ 55 ಗೋಲು, ಮೈಯರ್ 40, ಕ್ರೌಸ್ 24 ಹೊಡೆದರು. 24 ಗೋಲೆಂದರೆ ಕಡಿಮೆಯಲ್ಲ, ಯಾವ ತಂಡವೂ ಅಂಥ ಆಟಗಾರನನ್ನು ಸಂತೋಷದಿಂದ ಇಟ್ಟುಕೊಳ್ಳುತ್ತದೆ. ಅಂತರ ಹುಟ್ಟಿದ್ದು ಬೇರೆ ಕಡೆಯಲ್ಲಿ ಎಂದು ನನ್ನ ತಿಳಿವಳಿಕೆ. ಮೂವರೂ ಬಲದಿಂದ ಪಕ್ ಗೆಲ್ಲಬಲ್ಲವರು. ಗೆದ್ದ ಪಕ್ಕನ್ನು ಇಕ್ಕಟ್ಟಿನಿಂದ ಅಪಾಯದ ಜಾಗಕ್ಕೆ ದಾಟಿಸುವುದರಲ್ಲಿ ರಂಟಾನೆನ್ ಉಳಿದಿಬ್ಬರಿಗಿಂತ ಬಹಳ ಮುಂದಿದ್ದರು. ಹಾಗಾಗಿ ವಯಸ್ಸು, ಲೀಗ್, ಅಂಕಿ ಮೂರನ್ನೂ ತೂಗಿ, ಆದರೆ ಅವುಗಳಿಗೆ ಕೊನೆಯ ಮಾತು ಕೊಡಬೇಡಿ.

ಹಿಟ್‌ಗಳ, ಅಂದರೆ ಡಿಕ್ಕಿಗಳ, ಎಣಿಕೆಯ ಬಗ್ಗೆ ಎರಡೇ ಮಾತು. ಪಕ್ ಎದುರಾಳಿಯ ಬಳಿ ಇದ್ದಾಗ ಮಾತ್ರ ಹಿಟ್ ಮಾಡಲು ಸಾಧ್ಯ. ಹೆಚ್ಚು ಹಿಟ್ ಎಂದರೆ ಹೆಚ್ಚು ಹೊತ್ತು ಪಕ್ ನಿಮ್ಮ ಬಳಿ ಇರಲಿಲ್ಲ ಎಂದೂ ಅರ್ಥವಾದೀತು.

ಈಗ ವಿಷಯದ ತಿರುಳಿಗೆ ಬರೋಣ. ದೊಡ್ಡ ಹುಡುಗರು ಜೂನಿಯರ್‌ನಲ್ಲಿ ಮೆರೆದು ಮೇಲಕ್ಕೆ ಹೋದಾಗ ಯಾಕೆ ಸೊರಗುತ್ತಾರೆ? ಕೆನಡಾದಲ್ಲಿ 2013ರಿಂದ 13 ವರ್ಷಕ್ಕಿಂತ ಕೆಳಗಿನ ಮಟ್ಟದಲ್ಲಿ ಬಾಡಿ ಚೆಕ್‌ಗೆ (ಮೈಯಿಂದ ಡಿಕ್ಕಿ ಹೊಡೆದು ತಡೆಯುವುದಕ್ಕೆ) ಅವಕಾಶವಿಲ್ಲ. ಮಕ್ಕಳ ತಲೆ, ಕುತ್ತಿಗೆಗಳನ್ನು ಕಾಪಾಡುವ ಆ ನಿಯಮ ನೂರಕ್ಕೆ ನೂರು ಸರಿ. ಅಂದರೆ ನಿಮ್ಮ ಇಬ್ಬರು ಹುಡುಗರಿಗೂ ಮೈಗೆ ಮೈ ತಾಗುವ ಆಟದ ಅನುಭವ ನಾಲ್ಕೈದು ವರ್ಷದ್ದು. ಆ ವರ್ಷಗಳಲ್ಲಿ ಬೇಗ ಬೆಳೆದವನಿಗೆ ಒಂದು ಸುಲಭದ ದಾರಿ ಸಿಗುತ್ತದೆ. ನೇರ ನುಗ್ಗಿದರೆ ಸಾಕು, ಎದುರಿನವನು ಪಕ್ಕಕ್ಕೆ ಸರಿಯುತ್ತಾನೆ. ತಡವಾಗಿ ಬೆಳೆದವನಿಗೆ ಆ ಸೌಲಭ್ಯವಿಲ್ಲ. ಅವನು ಪಕ್ಕನ್ನು ಎದುರಾಳಿಯಿಂದ ದೂರದ ಬದಿಗೆ ಇಟ್ಟುಕೊಳ್ಳಲು, ಮೊಣಕಾಲು ಬಗ್ಗಿಸಿ ಸೊಂಟವನ್ನು ಅಡ್ಡ ಹಾಕಲು, ಡಿಕ್ಕಿ ಬರುವ ಮುನ್ನವೇ ಭುಜದ ಮೇಲಿಂದ ಹಿಂತಿರುಗಿ ನೋಡಲು ಕಲಿಯಲೇಬೇಕಾಗುತ್ತದೆ. ಎನ್‌ಎಚ್‌ಎಲ್ ಆಟಗಾರರ ಸರಾಸರಿ ಸುಮಾರು 6 ಅಡಿ 1 ಅಂಗುಲ, 90 ಕಿಲೋ. ಜೂನಿಯರ್‌ನಲ್ಲಿ ಎದುರಾಳಿಗಿಂತ ಹದಿನೈದು ಕಿಲೋ ಹೆಚ್ಚು ತೂಗುತ್ತಿದ್ದವನ ಮೇಲುಗೈ ಅಲ್ಲಿ ಏಳೆಂಟು ಕಿಲೋಗೆ ಇಳಿಯುತ್ತದೆ. ಎದುರಿಗಿರುವವರು ಪೂರ್ಣ ಬಲಿತ ಗಂಡಸರು, ಸರಿಯುವವರಲ್ಲ. ನುಗ್ಗುವುದೊಂದೇ ಗೊತ್ತಿದ್ದವನು ಗೋಡೆಗೆ ತಾಗಿ ನಿಲ್ಲುವುದು ಅಲ್ಲಿಯೇ.

2004-05ರ ಋತು ರದ್ದಾದ ನಂತರ ಎನ್‌ಎಚ್‌ಎಲ್ ಅಡ್ಡಿಪಡಿಸುವ, ಸ್ಟಿಕ್‌ನಿಂದ ಕೊಕ್ಕೆ ಹಾಕುವ ಆಟವನ್ನು ಬಿಗಿಯಾಗಿ ದಂಡಿಸತೊಡಗಿದ್ದೂ ಈ ಮಾತಿಗೆ ಸೇರುತ್ತದೆ. ಆಟದ ವೇಗ ಏರಿತು. ಭಾರವಾದ, ನಿಧಾನದ ವಿಂಗರ್‌ಗೆ ಮೊದಲು ಇದ್ದ ಜಾಗ ಕಿರಿದಾಯಿತು.

'ತಡವಾಗಿ ಮಾಗುತ್ತಾರೆ, ಕಾಯಬೇಕು' ಎಂಬುದು ಎರಡನೆಯ ಮಾತು. ಇದರಲ್ಲಿ ಸತ್ಯ ದೊಡ್ಡದಿದೆ. ಟೇಜ್ ಥಾಂಪ್ಸನ್ 2016ರಲ್ಲಿ 26ನೇ ಆಯ್ಕೆ, 6 ಅಡಿ 6 ಅಂಗುಲ. ಸೇಂಟ್ ಲೂಯಿಸ್ ಅವರನ್ನು 2018ರಲ್ಲಿ ಬಫಲೋಗೆ ಬಿಟ್ಟುಕೊಟ್ಟಿತು. 2020-21ರಲ್ಲಿ 8 ಗೋಲು ಹೊಡೆದವರು ಮರುವರ್ಷ ಸೆಂಟರ್ ಸ್ಥಾನಕ್ಕೆ ಬಂದು 38, ಅದರ ಮುಂದಿನ ವರ್ಷ 47 ಹೊಡೆದರು. ಉದ್ದ ಕೈಕಾಲುಗಳ ಮೇಲೆ ಹಿಡಿತ ಬರಲು ಸಮಯ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಟಾಮ್ ವಿಲ್ಸನ್ ಮೊದಲ ಪೂರ್ಣ ಋತುವಿನಲ್ಲಿ 82 ಪಂದ್ಯಗಳಿಂದ ಗಳಿಸಿದ್ದು 3 ಗೋಲು, 7 ಅಸಿಸ್ಟ್. 2024-25ರಲ್ಲಿ ಅವರು 33 ಗೋಲು ಹೊಡೆದರು. ಆದರೆ ಕಾದವರಿಗೆಲ್ಲ ಹಣ್ಣು ಸಿಕ್ಕಿಲ್ಲ. ಥಾಂಪ್ಸನ್ ಅವರ ಕೈಚಳಕ ಮತ್ತು ಹೊಡೆತ ಮೊದಲಿನಿಂದಲೂ ಇದ್ದವು, ದೇಹ ಅವುಗಳನ್ನು ಬಂದು ಸೇರಿಕೊಂಡಿತು. ಕಾಯುವುದಾದರೆ ದೇಹಕ್ಕಾಗಿ ಕಾಯಿರಿ. ಕೈ ಮತ್ತು ಕಣ್ಣಿಗಾಗಿ ಕಾಯುವುದು ನನ್ನ ಅನುಭವದಲ್ಲಿ ಫಲ ಕೊಟ್ಟಿಲ್ಲ. ಹೊಸದರಲ್ಲಿ ನಾನೇ ಹೀಗೊಂದು ವರದಿ ಬರೆದಿದ್ದೆ. ಒಬ್ಬ ಹುಡುಗನ ಒಂದು ಭಾರಿ ಡಿಕ್ಕಿಗೆ ಮನಸೋತು ಅವನನ್ನು ಪಟ್ಟಿಯಲ್ಲಿ ಬಹಳ ಮೇಲಿಟ್ಟೆ. ಆ ಡಿಕ್ಕಿಯ ನಂತರ ಪಕ್ ಎದುರಾಳಿಯ ಬಳಿಯೇ ಉಳಿದು ಅವರು ಅದನ್ನು ಅವನ ತಂಡದ ಕಡೆಯ ನೀಲಿ ಗೆರೆ (ರಕ್ಷಣಾ ವಲಯದ ಗಡಿ) ದಾಟಿಸಿದ್ದು ನನ್ನ ಟಿಪ್ಪಣಿಯಲ್ಲೇ ಇತ್ತು, ಆದರೆ ನಾನು ಅದನ್ನು ಓದಲಿಲ್ಲ. ಅವನು ವೃತ್ತಿಪರ ಮಟ್ಟದಲ್ಲಿ ನಿಲ್ಲಲಿಲ್ಲ. ಆ ದಿನದಿಂದ ನನ್ನ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಾಯಿತು: ಡಿಕ್ಕಿಯಾಗಿ ಮೂರು ಸೆಕೆಂಡಿನ ಮೇಲೆ ಪಕ್ ಯಾರ ಬಳಿ ಇದೆ?

ಮೊದಲನೆಯವನ 33 ಗೋಲುಗಳ ವಿಚಾರ. ಒಳ್ಳೆಯ ಸೆಂಟರ್‌ನ ನೆರಳಿನಲ್ಲಿ ಬಂದ ಗೋಲುಗಳನ್ನು ಹಾಗೆಯೇ ತಳ್ಳಿಹಾಕಬೇಡಿ, ಪರೀಕ್ಷಿಸಿ. ಜಾನ್ ಲಕ್ಲೇರ್ ಮಾಂಟ್ರಿಯಾಲ್‌ನಲ್ಲಿ ಒಂದು ಋತುವಿನಲ್ಲಿ 19 ಗೋಲು ದಾಟಿರಲಿಲ್ಲ. 1995ರಲ್ಲಿ ಫಿಲಡೆಲ್ಫಿಯಾಗೆ ಬಂದು ಸೆಂಟರ್ ಎರಿಕ್ ಲಿಂಡ್ರೋಸ್ ಪಕ್ಕದಲ್ಲಿ ನಿಂತ ಮೇಲೆ ಸತತ ಮೂರು ಋತುಗಳಲ್ಲಿ 51, 50, 51 ಹೊಡೆದರು. ಎಲ್ಲ ಲಿಂಡ್ರೋಸ್ ದಯೆ ಎಂದು ಹೇಳುವವರಿದ್ದರು. ಆದರೆ ಆ ಮೂರರಲ್ಲಿ ಎರಡನೆಯ ಋತುವಿನಲ್ಲಿ ಲಿಂಡ್ರೋಸ್ ಆಡಿದ್ದು 52 ಪಂದ್ಯ, ಮೂರನೆಯದರಲ್ಲಿ 63. ಲಕ್ಲೇರ್ ಅವರ ಗೋಲುಗಳು ನಿಲ್ಲಲಿಲ್ಲ. ನೀವೂ ಇದನ್ನೇ ಮಾಡಿ. ಆ ಸೆಂಟರ್ ಗಾಯಗೊಂಡೋ ಅಮಾನತಾಗಿಯೋ ಹೊರಗಿದ್ದ ಪಂದ್ಯಗಳನ್ನು ಹುಡುಕಿ ತೆಗೆಯಿರಿ. ಪವರ್ ಪ್ಲೇ (ಎದುರಾಳಿ ದಂಡನೆಗೊಳಗಾಗಿ ಆಟಗಾರ ಕಡಿಮೆ ಇರುವಾಗಿನ) ಗೋಲುಗಳನ್ನು ಬೇರೆ ಇಡಿ. ಐವರ ಎದುರು ಐವರು ಆಡುವಾಗ, ಆ ಜೊತೆಗಾರನಿಲ್ಲದೆ, ಅವನು ಎಷ್ಟು ಅವಕಾಶ ಹುಟ್ಟಿಸಿದ? ಸೋಲುವ ತಂಡದ ಹುಡುಗನಿಗೂ ಇದೇ ನ್ಯಾಯ ಸಲ್ಲಬೇಕು. ಬೇರೆ ಯಾರೂ ಇಲ್ಲದ್ದರಿಂದ ಅವನಿಗೆ ಐಸ್ ಮೇಲೆ ಹೆಚ್ಚು ಸಮಯ ಸಿಕ್ಕಿರಬಹುದು, ಆ ಸಮಯಕ್ಕೆ 19 ಗೋಲು ಕಡಿಮೆಯೂ ಇರಬಹುದು.

ರಿಂಕ್‌ನಲ್ಲಿ ಎಲ್ಲಿ ಕೂರುತ್ತೀರಿ ಎಂಬುದೂ ಮುಖ್ಯ. ಮೇಲಿನ ಆಸನದಿಂದ ಆಟದ ನಕ್ಷೆ ಕಾಣುತ್ತದೆ, ಕೆಳಗೆ ಮೂಲೆಯ ಗಾಜಿನ ಬಳಿ ಕೂತರೆ ದೇಹ ಕಾಣುತ್ತದೆ. ಇವರಿಬ್ಬರಿಗಾಗಿ ಒಂದೊಂದು ಪಂದ್ಯವನ್ನಾದರೂ ಕೆಳಗೆ ಕೂತು ನೋಡಿ. ದೊಡ್ಡವನು ನಿಂತಲ್ಲಿಂದ ಹೊರಡುವಾಗ ಮೊಣಕಾಲು ಬಗ್ಗುತ್ತದೆಯೋ, ಇಲ್ಲವೇ ಸೊಂಟದಿಂದ ಮೇಲಷ್ಟೇ ಬಾಗುತ್ತಾನೋ? ಬಲಕ್ಕೆ ತಿರುಗುವಷ್ಟೇ ಸಲೀಸಾಗಿ ಎಡಕ್ಕೂ ತಿರುಗುತ್ತಾನೋ? ಗೋಲು ಬಲೆಯ ಮುಂದೆ ಹೊಡೆತ ಬರುವ ಮುನ್ನವೇ ಹೋಗಿ ಜಮೆಯಾಗುತ್ತಾನೋ, ಹೊಡೆತದ ಕ್ಷಣಕ್ಕೆ ಸರಿಯಾಗಿ ಅಲ್ಲಿಗೆ ತಲುಪುತ್ತಾನೋ? ಮೊದಲನೆಯದನ್ನು ಡಿಫೆನ್ಸ್ ಆಟಗಾರರು ಸುಲಭವಾಗಿ ಕಟ್ಟಿಹಾಕುತ್ತಾರೆ, ಎರಡನೆಯದು ಕಷ್ಟ. ಅವನ ಸ್ಟಿಕ್ ಸ್ವತಂತ್ರವಾಗಿದೆಯೇ? ವಾರಾಂತ್ಯದ ಮೂರನೆಯ ಪಂದ್ಯದ ಕೊನೆಯ ಹತ್ತು ನಿಮಿಷಗಳಲ್ಲಿ ಇವೆಲ್ಲ ಹಾಗೆಯೇ ಉಳಿದಿವೆಯೇ? ವೇಗ ಇಲ್ಲವೆಂಬ ಮಾತ್ರಕ್ಕೆ ಯಾರನ್ನೂ ಕೈಬಿಡಬೇಡಿ. ಮ್ಯಾಥ್ಯೂ ಟ್ಕಾಚಕ್ ಲೀಗ್‌ನ ವೇಗದ ಸ್ಕೇಟರ್‌ಗಳಲ್ಲಿ ಒಬ್ಬರಲ್ಲ. ಬಲೆಯ ಹಿಂದಿನ ಇಕ್ಕಟ್ಟಿನಲ್ಲಿ ಅವರ ಕೈ ಮತ್ತು ತಲೆ ಎಷ್ಟು ಮುಂದೆ ಓಡುತ್ತವೆಂದರೆ 2022-23ರಲ್ಲಿ 109 ಅಂಕ ಬಂದವು.

ಒಂದು ವಿನಂತಿ. 'ಇನ್ನಷ್ಟು ಹೊಡೆದಾಡಬೇಕು' ಎಂದು ಯಾವ ಹುಡುಗನ ವರದಿಯಲ್ಲೂ ಬರೆಯಬೇಡಿ. ನೀಲಿ ಸೊಂಟದ ನೋವಿನಿಂದ 31ಕ್ಕೇ ನಿವೃತ್ತರಾದರು. ಲಿಂಡ್ರೋಸ್ ಅವರ ಅದ್ಭುತ ಪ್ರತಿಭೆಯನ್ನು ತಲೆಯ ಪೆಟ್ಟುಗಳು ಒಂದೊಂದಾಗಿ ಕಿತ್ತುಕೊಂಡವು. ಕ್ವಿಬೆಕ್ ಜೂನಿಯರ್ ಲೀಗ್ 2023-24ರಿಂದ ಹೊಡೆದಾಟಕ್ಕೆ ಇಳಿದವರನ್ನು ಪಂದ್ಯದಿಂದಲೇ ಹೊರಹಾಕುತ್ತಿದೆ. ಹದಿನೇಳರ ಹುಡುಗ ತನ್ನ ಬಗ್ಗೆ ಬರೆದದ್ದನ್ನು ಓದುತ್ತಾನೆ, ನಂಬುತ್ತಾನೆ, ಹಾಗೆಯೇ ಮಾಡಲು ಹೋಗುತ್ತಾನೆ.

ನಿಮ್ಮ ಮುಂದಿರುವ ದಾರಿಗಳು ಯಾವುವು? ಮೊದಲನೆಯವನನ್ನು ಮೇಲಿಟ್ಟರೆ ಕೆಳಗಿನ ಮಟ್ಟ ಭದ್ರ. ಆ ದೇಹ, ಆ ಶ್ರಮ ಇದ್ದವನು ಕಡಿಮೆ ಹೊತ್ತು ಆಡುವ ಮೂರನೆಯ, ನಾಲ್ಕನೆಯ ಸಾಲಿನಲ್ಲಾದರೂ ಕೆಲಸಕ್ಕೆ ಬರುವ ಸಂಭವವಿದೆ. ಅಪಾಯವೆಂದರೆ ಅವನು ಈಗಾಗಲೇ ಬಹುತೇಕ ಬೆಳೆದಿರಬಹುದು, ನೀವು ಕೊಡುತ್ತಿರುವ ಬೆಲೆ ನಾಲ್ಕನೆಯ ಸಾಲಿನ ಆಟಗಾರನಿಗೆ ಬಹಳ ಹೆಚ್ಚಾದೀತು. ಎರಡನೆಯವನನ್ನು ಮೇಲಿಟ್ಟರೆ ಮೇಲಿನ ಮಿತಿ ದೊಡ್ಡದು. ಆದರೆ ಅವನು 84 ಕಿಲೋದಲ್ಲೇ ನಿಂತುಬಿಟ್ಟರೆ, ಈಗ ಇಬ್ಬರನ್ನು ತಡೆದು ನಿಲ್ಲುವವನು ಮುಂದೆ ಒಬ್ಬನನ್ನೂ ತಡೆಯಲಾರ. ತಂದೆತಾಯಿಯ, ಅಣ್ಣಂದಿರ ಮೈಕಟ್ಟು ವಿಚಾರಿಸಿ, ಕಳೆದ ಎರಡು ವರ್ಷಗಳಲ್ಲಿ ಅವನ ಎತ್ತರ, ತೂಕ ಹೇಗೆ ಏರಿದೆ ಎಂದು ಕೇಳಿ. ಇಂಥವನಿಗೆ ಈಗ ಇನ್ನೊಂದು ಬಾಗಿಲೂ ತೆರೆದಿದೆ. 2025ರ ಆಗಸ್ಟ್‌ನಿಂದ ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಆಡಿದವರೂ ಅಮೆರಿಕದ ಕಾಲೇಜು ಹಾಕಿಗೆ ಅರ್ಹರು. ಅಲ್ಲಿ ಪಂದ್ಯಗಳು ಕಡಿಮೆ, ಎದುರಾಳಿಗಳು ವಯಸ್ಸಿನಲ್ಲಿ ದೊಡ್ಡವರು, ವಾರದ ದಿನಗಳಲ್ಲಿ ಮೈ ಬೆಳೆಸಲು ಸಮಯವಿದೆ.

ಮೂರನೆಯ ದಾರಿ, ಇಬ್ಬರನ್ನೂ ಒಂದೇ ಗುಂಪಿನಲ್ಲಿಟ್ಟು ಯಾವ ಸ್ಥಿತಿಯಲ್ಲಿ ಯಾರು ಮೇಲೆ ಎಂದು ಬಿಡಿಸಿ ಬರೆಯುವುದು. ಇದು ಪ್ರಾಮಾಣಿಕ ದಾರಿ. ಆದರೆ ಸಂಸ್ಥೆ ನಿಮ್ಮಿಂದ ಒಂದು ಕ್ರಮವನ್ನು ಕೇಳಿದೆ, ಅದನ್ನು ಕೊಡದೆ ತಪ್ಪಿಸಿಕೊಳ್ಳಲು ಇದನ್ನು ಬಳಸಬೇಡಿ. ಅನ್ಯಾಯದ ಭಯಕ್ಕೂ ಇಲ್ಲೇ ಉತ್ತರವಿದೆ. ಜೇಮೀ ಬೆನ್ 2007ರಲ್ಲಿ 129ನೇ ಆಯ್ಕೆಯಾಗಿ ಹೋಗಿ 2014-15ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದರು. ನೀವು ಕೆಳಗಿಟ್ಟ ಮಾತ್ರಕ್ಕೆ ಯಾವ ಹುಡುಗನ ಬಾಗಿಲೂ ಮುಚ್ಚುವುದಿಲ್ಲ.

ಈಗ ಮೊದಲು ಹೇಳಿದ ಮಾತಿಗೆ. ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿಕೊಳ್ಳಿ. ಮೊದಲನೆಯವನ ಬಗ್ಗೆ ಬರೆಯುವಾಗ ಗಾಜು ಅಲುಗಾಡಿದ್ದನ್ನೂ ಜನ ಎದ್ದದ್ದನ್ನೂ ಹೇಳಿದ್ದೀರಿ, ಪಕ್ ಎಲ್ಲಿ ಹೋಯಿತೆಂದು ಹೇಳಿಲ್ಲ. ಎರಡನೆಯವನ ಬಗ್ಗೆ ಬರೆದ ಒಂದೇ ಸಾಲಿನಲ್ಲಿ ಪಕ್ ಜೊತೆಗಾರನಿಗೆ ತಲುಪಿದೆ. ನಿಮ್ಮ ಕಣ್ಣು ಆಗಲೇ ನೋಡಿಬಿಟ್ಟಿದೆ. ಇಷ್ಟರ ಮೇಲೆ ಹೇಳಬೇಕೆಂದರೆ ನಾನು ಎರಡನೆಯವನನ್ನು ಕೂದಲೆಳೆಯಷ್ಟು ಮೇಲಿಡುತ್ತೇನೆ.

ಆದರೆ ನಾನು ಆ ಹುಡುಗರನ್ನು ನೋಡಿಲ್ಲ, ನೋಡಿದವರು ನೀವು. ತಿಂಗಳಿದೆ. ಇಬ್ಬರ ಮೂರು ಮೂರು ಪಂದ್ಯಗಳಿಗೆ ಹೋಗಿ. ಪ್ರತಿ ಡಿಕ್ಕಿಗೂ, ಹೊಡೆದದ್ದಿರಲಿ ತಿಂದದ್ದಿರಲಿ, ಒಂದು ಗುರುತು ಹಾಕಿ. ಮೂರು ಸೆಕೆಂಡು ಎಣಿಸಿ, ಪಕ್ ತಮ್ಮ ತಂಡದಲ್ಲಿದ್ದರೆ ಅದರ ಪಕ್ಕದಲ್ಲಿ ಇನ್ನೊಂದು. ಕೊನೆಯಲ್ಲಿ ಎರಡನೆಯ ಗುರುತುಗಳ ಪಾಲು ಮೊದಲನೆಯವನದ್ದೇ ಹೆಚ್ಚಿದ್ದರೆ ನನ್ನ ಮಾತನ್ನು ಪಕ್ಕಕ್ಕಿಟ್ಟು, ಹಿಂಜರಿಯದೆ ಅವನನ್ನೇ ಮೇಲೆ ಬರೆಯಿರಿ. ಎಣಿಕೆ ಮುಗಿದ ಮೇಲೆ ಆ ಹಾಳೆಯನ್ನು ನನಗೂ ಕಳುಹಿಸಿ.